ವರ ನೋಡಲು ವೈನ್ ವ್ಯಾಲಿಗೆ

ಹೋದ ತಿಂಗಳು ನನ್ನ ಗಂಡ ಒಂದು ದಿನದ ಮಟ್ಟಿಗೆ ಬೆಂಗಳೂರಿನವರಾಗಿದ್ದರು.

ಪೂರ್ತಿ ದಿನವೂ ಅಲ್ಲ. ಖಾನಾಪುರ ದಾಟಿದ ಮೇಲೆ ಶುರುವಾಯಿತು, ಮಧ್ಯಾಹ್ನ ಊಟವಾದ ಸ್ವಲ್ಪ ಹೊತ್ತಿಗೆ ಮುಗಿಯಿತು. ಆ ಅವಧಿಯಲ್ಲಿ ನಾನು ಬೆಂಗಳೂರಿನ ಹೋಟೆಲ್ ಮಾಲೀಕರೊಬ್ಬರ ಹೆಂಡತಿಯಾಗಿದ್ದೆ. ನಮ್ಮ ಅಕ್ಕ ಮೌನವ್ರತದಲ್ಲಿದ್ದಳು. ಜನ್ಮದಲ್ಲಿ ಒಂದು ಹನಿ ಮುಟ್ಟದ ನಾವು ಮೂವರೂ ವೈನಿನ ವಿಷಯದಲ್ಲಿ ಎಕ್ಸ್‌ಪರ್ಟ್ ಆಗಿದ್ದೆವು.

ನಗಬೇಡಿ. ಮದುವೆಗೆ ಬಂದ ಹುಡುಗಿ ನಿಮ್ಮ ಮನೆಯಲ್ಲೂ ಇದ್ದರೆ ನೀವೂ ಇದನ್ನೇ ಮಾಡುತ್ತಿದ್ದಿರಿ. ಅಥವಾ ಇದಕ್ಕಿಂತ ಕೆಟ್ಟದ್ದನ್ನು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಅಕ್ಕ ಗಂಗಾ ಬೆಳಗಾವಿಯಲ್ಲೇ ಕೋಟೆಯ ಹತ್ತಿರ ಇರುತ್ತಾಳೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಲಿಂಗಪೂಜೆಯಾಗದೆ ಅವಳ ಬಾಯಿಗೆ ಚಹಾ ಕೂಡ ಹೋಗುವುದಿಲ್ಲ. ಸುಳ್ಳು ಹೇಳುವುದಿಲ್ಲ. (ಇದು ದೊಡ್ಡ ಗುಣ ಎಂದು ಎಲ್ಲರೂ ಹೊಗಳುತ್ತಾರೆ. ಅವಳ ಜೊತೆ ಮದುವೆ ಮನೆಗಳಿಗೆ ಹೋಗಿ, ಬೀಗರೆದುರು ಅವಳ ಪಕ್ಕದಲ್ಲಿ ನಿಂತವರಿಗೆ ಅದರ ಕಷ್ಟ ಗೊತ್ತು.) ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಒಬ್ಬಳೇ ಮಗಳು, ಶೈಲಾ. ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ.

ಶೈಲಾಗೆ ಗಂಡು ನೋಡುವುದು ನಮ್ಮ ಮನೆತನದ ಪಾರ್ಟ್‌ಟೈಮ್ ಉದ್ಯೋಗವಾಗಿಬಿಟ್ಟಿತ್ತು. ಬಂದವರಿಗೆಲ್ಲ ಅವಳು ಬೇಡ ಅನ್ನುತ್ತಿದ್ದಳು. ಒಬ್ಬನ ತಾಯಿ ಜಡೆ ನಿಜವಾದದ್ದೋ ಅಲ್ಲವೋ ಎಂದು ಎಳೆದು ನೋಡಿದ್ದಳು. ಇನ್ನೊಬ್ಬ, ಮದುವೆಯಾದ ಮೇಲೆ ಗಣಿತ ಬಿಟ್ಟು ಬೇರೇನಾದರೂ ಸುಲಭದ ಸಬ್ಜೆಕ್ಟ್ ಕಲಿಸಬಹುದಲ್ಲ ಎಂದು ಕೇಳಿದ್ದ. ಬೇಡ ಅನ್ನದೆ ಇನ್ನೇನು ಮಾಡುತ್ತಾಳೆ?

ಹೀಗಿರುವಾಗ ದೂರದ ನೆಂಟರೊಬ್ಬರು ಒಂದು ಫೋಟೊ ತಂದುಕೊಟ್ಟರು. ಹುಡುಗನ ಹೆಸರು ಮಹಾಂತೇಶ. ಅಗ್ರಿಕಲ್ಚರ್ ಬಿ.ಎಸ್ಸಿ. ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆ, ಮಲಪ್ರಭೆಯ ದಂಡೆಯಲ್ಲಿ ಸ್ವಂತ ದ್ರಾಕ್ಷಿ ತೋಟ. ಶೈಲಾ ಫೋಟೊ ನೋಡಿದಳು. ವಾಪಸು ಕೊಡಲಿಲ್ಲ. ಓದುತ್ತಿದ್ದ ಪುಸ್ತಕದಲ್ಲಿ ಇಟ್ಟುಕೊಂಡು, "ವಿಚಾರ ಮಾಡಬಹುದು" ಅಂದಳು.

ಅಕ್ಕ ಆ ರಾತ್ರಿ ನೆಮ್ಮದಿಯಿಂದ ಮಲಗಿದಳಂತೆ. ಮರುದಿನ ನಮ್ಮ ಮನೆಗೆ ಬಂದಾಗ ಮುಖ ಹೇಗಿತ್ತೆಂದರೆ, ಇಕ್ಕಳದಲ್ಲಿ ಚೇಳು ಹಿಡಿದು ತಂದವರ ಹಾಗಿತ್ತು.

"ಹುಡುಗ ದ್ರಾಕ್ಷಿ ತಿನ್ನಾಕ ಬೆಳೆಯಂಗಿಲ್ಲಂತ," ಅಂದಳು. "ವೈನ್ ಮಾಡ್ತಾನಂತ."

"ಮಾಡಿದ್ರ ಏನಾತ್ರಿ ಅಕ್ಕಾರ?" ನಮ್ಮವರು ಕೇಳಿದರು. "ಮಾಡವ್ರೆಲ್ಲಾ ಕುಡೀತಾರೇನು?"

"ಹೋಳಿಗಿ ಮಾಡಾಕಿ ಹೂರಣದ ರುಚಿ ನೋಡದ ಬಿಡ್ತಾಳೇನ್ರಿ?"

ನಮ್ಮವರು ಓದುತ್ತಿದ್ದ ಪೇಪರ್ ಮಡಚಿಟ್ಟರು.

ಈಗ ಪ್ರಶ್ನೆ ಇದ್ದದ್ದು ಒಂದೇ. ಹುಡುಗ ಕುಡಿಯುತ್ತಾನೋ ಇಲ್ಲವೋ? ನಮ್ಮ ಕಡೆ ಇದಕ್ಕೆಲ್ಲ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರುತ್ತದೆ. ಅವರ ಓಣಿಯ ಕಿರಾಣಿ ಅಂಗಡಿಯಲ್ಲಿ ಕೇಳುವುದು, ಕಟಿಂಗ್ ಅಂಗಡಿಯಲ್ಲಿ ಕೇಳುವುದು, ದಾರಿ ತಪ್ಪಿದವರಂತೆ ಮನೆಯ ಮುಂದೆ ಎರಡು ಸಲ ಅಡ್ಡಾಡುವುದು. ಆದರೆ ಹುಡುಗನ ಮನೆ ಇರುವುದು ತೋಟದಲ್ಲಿ. ಅಲ್ಲಿ ಓಣಿಯೂ ಇಲ್ಲ, ಕಿರಾಣಿ ಅಂಗಡಿಯೂ ಇಲ್ಲ. ಹೆಣ್ಣಿನ ಕಡೆಯವರು ಎಂದು ಹೇಳಿಯೇ ಹೋದರೆ ಅವನು ಬಾಟಲಿ ಬಚ್ಚಿಟ್ಟು ಮಜ್ಜಿಗೆ ಕೊಡುತ್ತಾನೆ.

ಆಗ ನಮ್ಮವರಿಗೆ ಐಡಿಯಾ ಬಂತು. (ನಮ್ಮವರಿಗೆ ಐಡಿಯಾ ಬಂದಾಗ ನನಗೆ ಎದ್ದು ಬೇರೆ ಕೋಣೆಗೆ ಹೋಗೋಣ ಅನ್ನಿಸುತ್ತದೆ. ಬ್ಯಾಂಕಿನಲ್ಲಿ ಅವರ ಜೊತೆ ಕೆಲಸ ಮಾಡುವವರಿಗೂ ಹಾಗೇ ಆಗುತ್ತದೆಂದು ಕೇಳಿದ್ದೇನೆ.) ಊರಿನ ಯಾವುದೋ ಲಾಡ್ಜಿನ ಕೌಂಟರಿನಲ್ಲಿ ಸಿಕ್ಕ ಒಂದು ಪಾಂಪ್ಲೆಟ್ ತಂದು ನಮ್ಮ ಮುಂದೆ ಹರಡಿದರು. ಹಸಿರು ಶಾಯಿಯಲ್ಲಿ ಅಚ್ಚು ಹಾಕಿಸಿದ್ದು: "ಮಲಪ್ರಭಾ ವೈನ್ ವ್ಯಾಲಿ. ಒಂದು ದಿನದ ಖಾಸಗಿ ಪ್ರವಾಸ. ಊಟ ಸಹಿತ." ಕೆಳಗೆ ಮಹಾಂತೇಶನ ಹೆಸರು, ಫೋನ್ ನಂಬರ್.

ಅವತ್ತೇ ಫೋನ್ ಮಾಡಿದರು. ತಾವು ಬೆಂಗಳೂರಿನಲ್ಲಿ ದೊಡ್ಡ ಹೋಟೆಲ್ ನಡೆಸುವವರೆಂದೂ, ಕುಟುಂಬ ಸಮೇತ ಬೆಳಗಾವಿಗೆ ಬಂದಿರುವುದಾಗಿಯೂ, ವೈನ್ ಎಂದರೆ ತಮಗೆ ಪ್ರಾಣವೆಂದೂ ಹೇಳಿದರು. ರವಿವಾರ ಗೊತ್ತಾಯಿತು.

ಶೈಲಾಗೆ ಏನೂ ಹೇಳಲಿಲ್ಲ. ಅವಳ ಮದುವೆಯ ವಿಷಯ, ಅವಳಿಗೇಕೆ ಹೇಳಬೇಕು?

ಎರಡು ದಿನ ನಮ್ಮ ಮನೆಯಲ್ಲಿ ಬೆಂಗಳೂರು ಕನ್ನಡದ ಟ್ಯೂಷನ್ ನಡೆಯಿತು. 'ಐತಿ' ಅನ್ನಬಾರದು, 'ಇದೆ' ಅನ್ನಬೇಕು. 'ಬ್ಯಾಡ' ಅಲ್ಲ, 'ಬೇಡ'. 'ಹೌದ್ರಿ' ಅಲ್ಲ, 'ಹೌದು ಸಾರ್'. ಮಾತಿನ ಕೊನೆಗೆ ಆಗಾಗ 'ಕಣ್ರೀ' ಸೇರಿಸಬೇಕು.

"ಐತಿಗೆ ಏನ ಆಗೇತಿ?" ಅಕ್ಕ ಕೇಳಿದಳು.

"ಏನೂ ಆಗಿಲ್ರಿ. ನಾವು ಅಲ್ಲಿಯವರಲ್ಲಾ ಅಂತ ಗೊತ್ತಾಕ್ಕೈತಿ."

"ನಾವು ಅಲ್ಲಿಯವರು ಅಲ್ಲಲ್ಲ."

ಅಕ್ಕನಿಗೆ ಮೌನವ್ರತವೇ ಸರಿ ಎಂದು ತೀರ್ಮಾನವಾಯಿತು. ಅವಳೂ ಒಪ್ಪಿದಳು. ಮಾತಾಡದಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂಬುದು ಅವಳ ಲೆಕ್ಕ. ವಿಭೂತಿ ಮಾತ್ರ ಒರೆಸಲು ಒಪ್ಪಲಿಲ್ಲ. ಇರಲಿ, ಬೆಂಗಳೂರಿನಲ್ಲಿ ಈಗ ಏನೇನೋ ಫ್ಯಾಶನ್ ಇವೆ, ನಡೆಯುತ್ತದೆ ಅಂದರು ನಮ್ಮವರು.

ರವಿವಾರ ಬಾಡಿಗೆ ಸುಮೊ ಬಂತು. ಡ್ರೈವರ್ ಪರಶುರಾಮ, ಖಾನಾಪುರದವನು. ಹೊರಡುವಾಗ ಗೂಡ್ಸ್ ಲಾರಿಯ ಬಗ್ಗೆ ಕನ್ನಡದಲ್ಲೂ ರಸ್ತೆಯ ಬಗ್ಗೆ ಮರಾಠಿಯಲ್ಲೂ ಬೈಯುತ್ತಿದ್ದ. ಖಾನಾಪುರ ದಾಟಿದೊಡನೆ ನಮ್ಮವರು, "ಏನಪ್ಪಾ ಪರಶುರಾಮ, ಸ್ವಲ್ಪ ನಿಧಾನಕ್ಕೆ ಓಡ್ಸು ಕಣೋ" ಎಂದು ಶುರು ಮಾಡಿದರು. ಪರಶುರಾಮ ಕನ್ನಡಿಯಲ್ಲಿ ಅವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಸಾಹೇಬ್ರಿಗೆ ಏನಾತ್ರಿ?" ಅಂತ ಮೆಲ್ಲಗೆ ಕೇಳಿದ.

ತೋಟದ ಗೇಟಿನಲ್ಲಿ ಮಹಾಂತೇಶ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ನಿಂತಿದ್ದ. ಫೋಟೊದಲ್ಲಿ ಇದ್ದದ್ದಕ್ಕಿಂತ ತೆಳ್ಳಗೆ, ಕಿವಿಗಳು ಸ್ವಲ್ಪ ದೊಡ್ಡವು. ಕೈಯಲ್ಲಿ ಮೂರು ಹುಲ್ಲಿನ ಹ್ಯಾಟು. ಬಿಸಿಲಿಗೆ ಅಂದ. ಫಾರಿನ್ನಿನ ತೋಟಗಳಲ್ಲಿ ಹೀಗೆ ಕೊಡುತ್ತಾರೆಂದು ಓದಿದ್ದನಂತೆ. ಅಕ್ಕನಿಗೆ ಬೇಡ ಎಂದು ಹೇಳುವುದಕ್ಕೆ ಬಾಯಿಲ್ಲ. ತಲೆಯ ಮೇಲಿನ ಸೆರಗಿನ ಮೇಲೇ ಹ್ಯಾಟು ಕೂತಿತು. ಅದರ ಕೆಳಗೆ ವಿಭೂತಿ.

"ಸಕತ್ತಾಗಿದೆ ಕಣ್ರೀ ಜಾಗ," ಅಂದರು ನಮ್ಮವರು. "ಕಣಿವೆ ಎಲ್ಲಿದೆ?"

ಸುತ್ತ ಅಂಗೈಯ ಹಾಗೆ ಸಪಾಟಾದ ಹೊಲಗಳು. ಆ ಕಡೆ ಕಬ್ಬು, ಈ ಕಡೆ ಕೊಯ್ಲಾದ ಭತ್ತದ ಗದ್ದೆ. ಮಾರ್ಚ್ ತಿಂಗಳ ಮಲಪ್ರಭೆಯಲ್ಲಿ ಎಮ್ಮೆಗಳ ಬೆನ್ನು ಮುಳುಗುವಷ್ಟೂ ನೀರಿರಲಿಲ್ಲ.

"ಮುಂದ ಒಂದ ಸ್ವಲ್ಪ ತಗ್ಗ ಐತ್ರಿ," ಅಂದ ಮಹಾಂತೇಶ.

ಒಳ್ಳೆಯ ಹುಡುಗ. ಸುಳ್ಳು ಹೇಳಲು ಬರುವುದಿಲ್ಲ ಎಂದು ಆಗಲೇ ಅನ್ನಿಸಿತು. ಒಂದು ದಿನದ ಪ್ರವಾಸವನ್ನು ತುಂಬಿಸಲು ಅವನು ಪಟ್ಟ ಪಾಡು ಹೇಳತೀರದು. ತಗ್ಗು ತೋರಿಸಿದ. ಬಾವಿ ತೋರಿಸಿದ. ಪಂಪ್‌ಸೆಟ್ಟು ತೋರಿಸಿ ಅದರ ಹಾರ್ಸ್‌ಪವರ್ ಹೇಳಿದ. ಸಾಲು ಸಾಲು ಬಳ್ಳಿಗಳ ನಡುವೆ ನಡೆಸಿದ. ಬಳ್ಳಿಗಳು ಚೆನ್ನಾಗಿದ್ದವು, ಅದಕ್ಕೆ ಮೋಸವಿಲ್ಲ. ದ್ರಾಕ್ಷಿ ಎಂದರೆ ವಿಜಾಪುರ, ಅಥಣಿ ಎಂದು ತಿಳಿದಿದ್ದ ನನಗೆ ಖಾನಾಪುರದ ಮಣ್ಣಿನಲ್ಲಿ ಕಪ್ಪು ಗೊಂಚಲು ತೂಗುವುದನ್ನು ನೋಡಿ ಆಶ್ಚರ್ಯವೇ ಆಯಿತು. ಊರಿನವರೆಲ್ಲ ಕಬ್ಬು ಹಾಕು ಅಂದಿದ್ದರಂತೆ. ಇವನು ಹಟ ಹಿಡಿದು ಬಳ್ಳಿ ಹಾಕಿದನಂತೆ.

"ಈ ವ್ಯಾಲಿಯಲ್ಲಿ ಒಟ್ಟು ಎಷ್ಟು ತೋಟ ಇದೆ ಕಣ್ರೀ?"

"ಸದ್ಯ ಒಂದ್ರಿ."

"ಯಾವುದು?"

"ಇದರೀ."

"ಖಾಸಗಿ ಪ್ರವಾಸ ಅಂತ ಹಾಕಿದೀರಲ್ಲ, ಯಾಕೆ?" ನಾನು ಕೇಳಿದೆ.

ಅವನು ಸ್ವಲ್ಪ ನಾಚಿಕೊಂಡ. "ಬ್ಯಾರೆ ಯಾರೂ ಬರಂಗಿಲ್ಲಲ್ರೀ ಮೇಡಂ, ಅದಕ್ಕ."

ಮಾವಿನ ಮರದ ಕೆಳಗೆ ಊಟ. ಅವನ ತಾಯಿ ಮಾಡಿಟ್ಟು ಯಾವುದೋ ನೆಂಟರ ಮನೆಗೆ ಹೋಗಿದ್ದರು. ಬಿಸಿ ರೊಟ್ಟಿ ಅಲ್ಲ, ಒಣಗಿ ಗರಿಗರಿಯಾದ ಕಟಕು ರೊಟ್ಟಿ. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಕ್ಕ ಎರಡನೇ ಸಲ ಎಣ್ಣೆಗಾಯಿ ಬೇಕೆಂದು ಸನ್ನೆಯಿಂದ ಕೇಳಿದಳು. ಹುಡುಗ ತಾನೇ ಬಡಿಸಿದ. ಅವನು ಬಗ್ಗಿ ಬಡಿಸುವಾಗ ಅಕ್ಕ ಮೂಗು ಮುಂದೆ ಮಾಡಿ ಅವನ ಉಸಿರಿನ ವಾಸನೆ ಹಿಡಿಯಲು ನೋಡಿದ್ದನ್ನು ನಾನು ನೋಡಿದೆ. ಹ್ಯಾಟಿನ ಅಂಚು ಅವನ ಹಣೆಗೆ ತಾಗಿತು. "ಸಾರಿ ಅಕ್ಕಾರ," ಅಂದ ಅವನೇ.

ಊಟದ ನಂತರ ಶೆಡ್ಡು. ಇಲ್ಲೇ ಅಸಲಿ ಪರೀಕ್ಷೆ. ದೊಡ್ಡ ಹಲಸಿನ ಮರದ ಪೀಪಾಯಿಗಳು ಸಾಲಾಗಿ ನಿಂತಿದ್ದವು. ಪುಸ್ತಕದಲ್ಲಿ ಹೇಳಿದ ಮರ ಇಲ್ಲಿ ಸಿಗುವುದಿಲ್ಲ, ಹಲಸು ಸಿಗುತ್ತದೆ ಎಂದು ವಿವರಿಸಿದ. ಒಂದು ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿ ಮೂರು ಗ್ಲಾಸು ಇಟ್ಟು, ಪೀಪಾಯಿಯಿಂದ ಕೆಂಪನೆಯದನ್ನು ಸುರಿದ.

ನಮ್ಮವರು ಗ್ಲಾಸನ್ನು ಬೆಳಕಿಗೆ ಹಿಡಿದರು. ಗರಗರ ತಿರುಗಿಸಿದರು. ಅರ್ಧ ವೈನ್ ಶರ್ಟಿನ ತೋಳಿಗೆ ಹೋಯಿತು. ಉಳಿದದ್ದರಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮುಖ ಹಾಗೆ ಆದದ್ದು ನಾನು ನೋಡಿರಲಿಲ್ಲ.

"ಸೂಪರ್ ಕಣ್ರೀ," ಅಂದರು ಕಣ್ಣಲ್ಲಿ ನೀರು ತುಂಬಿಕೊಂಡು. "ಇದರಲ್ಲಿ ಒಂಥರಾ ಮಳೆ ಬಿದ್ದ ಮಣ್ಣಿನ... ಹೂವಿನ... ಮತ್ತೆ ಒಂಚೂರು ಹಳೇ ಕುರ್ಚಿಯ ಪರಿಮಳ ಇದೆ."

"ಕುರ್ಚಿ?" ಮಹಾಂತೇಶ ಕಣ್ಣರಳಿಸಿದ.

"ಚರ್ಮದ ಕುರ್ಚಿ."

ನಾನೂ ನಾಲಗೆಯ ತುದಿಗೆ ಮುಟ್ಟಿಸಿದೆ. ಕೆಮ್ಮಿನ ಔಷಧಿಗೆ ಹುಣಸೆ ಹಣ್ಣು ಕಿವುಚಿದರೆ ಹೇಗಿರುತ್ತದೋ ಹಾಗಿತ್ತು. ಆದರೆ ವೈನ್ ಹಾಗೇ ಇರಬೇಕೋ ಏನೋ, ನನಗೇನು ಗೊತ್ತು? "ಚೆನ್ನಾಗಿದೆ," ಅಂದೆ.

ಅಕ್ಕನ ಗ್ಲಾಸು ಹಾಗೇ ಇತ್ತು.

"ಅಕ್ಕಾರು ತಗೋಳಿಲ್ಲಲ್ರಿ?"

"ಅವರ್ದು ಇವತ್ತು ಸೋಮವಾರ," ಅಂದೆ, ಬಾಯಿಗೆ ಬಂದದ್ದು.

"ಇವತ್ತ ರವಿವಾರ ಅಲ್ರೀ?"

"ನಮ್ಮದು ರವಿವಾರ. ಅವರ್ದು ಸೋಮವಾರ."

ಬೆಂಗಳೂರಿನಲ್ಲಿ ಹಾಗೂ ಇರಬಹುದು ಎಂಬಂತೆ ಹುಡುಗ ತಲೆಯಾಡಿಸಿದ. ನಮ್ಮವರು ಇದೇ ಸಮಯ ಎಂದು, "ನೀವು ತಗೊಳ್ಳಲ್ವಾ?" ಎಂದು ಅವನನ್ನು ಕೇಳಿದರು.

"ನಾ ಕುಡಿಯಂಗಿಲ್ರಿ."

"ಯಾವಾಗ್ಲೂ?"

"ಒಮ್ಮೆನೂ ಕುಡದಿಲ್ರಿ. ಬಳ್ಳಿ ಹಚ್ಚಬೇಕಾದ್ರ ಅವ್ವ ಲಿಂಗ ಮುಟ್ಟಿಸಿ ಆಣಿ ತಗೊಂಡಾಳ."

ನಮ್ಮವರು ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದರು. ಬಂದ ಕೆಲಸ ಮುಗಿದಿತ್ತು. ಆಗಲೇ ಎದ್ದು ಕೈಮುಗಿದು ಸುಮೊ ಹತ್ತಿದ್ದರೆ ಈ ಅಂಕಣ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಹುಡುಗ ಒಂದು ಸ್ಟೂಲು ಎಳೆದುಕೊಂಡು ನಮ್ಮೆದುರು ಕೂತ.

"ಸರ್, ನೀವು ತಿಳಿದವರು. ಅದಕ್ಕ ಕೇಳ್ತೀನಿ, ಖರೇ ಹೇಳ್ರಿ. ಇದ ನನ್ನ ಮೊದಲನೇದ್ದು. ಮಾಡೂದೆಲ್ಲಾ ಪುಸ್ತಕದಾಗ ಇದ್ದಂಗ ಮಾಡೇನಿ, ಆದ್ರ ರುಚಿ ಹೆಂಗಾಗೇತಿ ಅಂತ ನನಗ ಗೊತ್ತಿಲ್ಲ. ಕೇಳಿದವ್ರೆಲ್ಲಾ ಮುಖ ನೋಡಿ ಚೊಲೊ ಐತಿ ಅಂತಾರ. ನೀವು ಚೊಲೊ ಅಂದ್ರ ನಾಳಿಂದನ ಎಲ್ಲಾ ಬಾಟ್ಲಿ ತುಂಬಿಸಿ ಗೋವಾಕ್ಕ ಕಳಸ್ತೀನಿ. ಕೆಟ್ಟೈತಿ ಅಂದ್ರ ಚೆಲ್ಲಿ ಮತ್ತ ಮಾಡ್ತೀನಿ. ಕೆಟ್ಟದ್ದು ಒಮ್ಮೆ ಹೊರಗ ಹೋತಂದ್ರ ಮುಂದ ಈ ತೋಟದ ಹೆಸರು ಹೇಳಿದ್ರ ಯಾರೂ ತಿರುಗಿ ನೋಡಂಗಿಲ್ಲ."

ನನ್ನ ಗಂಡನ ಮುಖ ನೋಡಿದೆ. ಅವರು ಪಾತ್ರದೊಳಗೆ ಬಹಳ ದೂರ ಹೋಗಿಬಿಟ್ಟಿದ್ದರು, ಹಿಂದೆ ಬರುವ ದಾರಿ ಕಾಣುತ್ತಿರಲಿಲ್ಲ.

"ಧೈರ್ಯವಾಗಿ ತುಂಬಿಸಿ ಕಣ್ರೀ," ಅಂದರು.

"ತಮ್ಮಾ, ತುಂಬಸಬ್ಯಾಡ."

ಮಾತಾಡಿದವಳು ಅಕ್ಕ. ಹ್ಯಾಟು ಸರಿ ಮಾಡಿಕೊಂಡು ಎದ್ದು ನಿಂತಿದ್ದಳು. ಅಷ್ಟು ಹೊತ್ತು ಕಟ್ಟಿಟ್ಟ ಮಾತು ಕೋಡಿ ಬಿದ್ದಂತೆ ಬಂತು.

"ಇವರ ಮಾತು ಕೇಳಬ್ಯಾಡ. ಇವರು ಬೆಂಗಳೂರಿನವರಲ್ಲ. ಹೋಟೆಲೂ ಇಲ್ಲ ಏನೂ ಇಲ್ಲ, ಬ್ಯಾಂಕಿನಾಗ ಕೆಲಸ ಮಾಡ್ತಾರ. ನಾವು ಬೆಳಗಾವಿಯವರು, ಕೋಟಿ ಹತ್ರ ನನ್ನ ಮನಿ. ನಮ್ಮ ಮನೆತನದಾಗ ಯಾರೂ ಇದನ್ನ ಮುಟ್ಟಿಲ್ಲ. ನನ್ನ ಮಗಳನ್ನ ನಿನಗ ಕೊಡಬೇಕೋ ಬ್ಯಾಡೋ ಅಂತ ನೋಡಾಕ ಬಂದೇವಿ. ನಿನಗ ಮೋಸ ಮಾಡಿದಂಗಾತು, ತಪ್ಪಾತು. ಎಣ್ಣಿಗಾಯಿ ಮಾತ್ರ ಭಾಳ ಚೊಲೊ ಇತ್ತು, ನಿಮ್ಮ ಅವ್ವಗ ಹೇಳು."

ನನಗೆ ಪೀಪಾಯಿಯೊಳಗೆ ಇಳಿದುಬಿಡೋಣ ಅನ್ನಿಸಿತು. ಹುಡುಗ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಈಗ ಬೈಯುತ್ತಾನೆ ಅಂದುಕೊಂಡೆ. ಹೆಣ್ಣಿನ ಕಡೆಯವರು ಎಂದು ಗೊತ್ತಾಗಿ ನಾಚಿಕೊಳ್ಳಬಹುದು ಎಂದೂ ಅಂದುಕೊಂಡೆ. ಎರಡೂ ಆಗಲಿಲ್ಲ.

"ಹಂಗಾರ," ಅಂದ ನಿಧಾನವಾಗಿ, "ವೈನ್ ಹೆಂಗಾಗೇತಿ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ?"

"ಇಲ್ಲ," ಅಂದೆ.

"ಮತ್ತ ಆ ಕುರ್ಚಿ?"

"ಲೈಬ್ರರಿ ಪುಸ್ತಕದಾಗ ಓದಿದ್ದೆಪಾ," ಅಂದರು ನಮ್ಮವರು ಅಪ್ಪಟ ಬೆಳಗಾವಿ ಕನ್ನಡದಲ್ಲಿ. ಅವರಿಗೂ ಹಗುರಾಯಿತು ಅನ್ನಿಸುತ್ತದೆ.

ಹುಡುಗ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಅವನ ಚಿಂತೆ ಮದುವೆಯದ್ದಲ್ಲ, ಪೀಪಾಯಿಗಳದ್ದು. ನನಗೆ ಅವನು ಅಲ್ಲೇ ಇಷ್ಟವಾಗಿಬಿಟ್ಟ.

"ಡ್ರೈವರ್ ಅದಾನಲ್ಲ," ಅಂದಳು ಅಕ್ಕ. ಮೋಸ ಮಾಡಿದ್ದಕ್ಕೆ ಪರಿಹಾರ ಆಗಲೇಬೇಕಿತ್ತು ಅವಳಿಗೆ. "ಡ್ರೈವರ್ ಮಂದಿ ಕುಡೀತಾರ. ಅಂವನ್ನ ಕರೀರಿ."

ಪರಶುರಾಮ ಬಂದ. ವಿಷಯ ಕೇಳಿದ. ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಕೊರಳಲ್ಲಿದ್ದ ತುಳಸಿ ಮಣಿ ತೋರಿಸಿದ. "ನಾ ಮಾಳ ಹಾಕೀನ್ರಿ ಬಾಯಾರ. ವರ್ಷಾ ಪಂಢರಪುರಕ್ಕ ನಡಕೊಂಡು ವಾರಿ ಹೋಗ್ತೀನಿ. ಉಳ್ಳಾಗಡ್ಡಿ ಸುದ್ದಾ ತಿನ್ನಂಗಿಲ್ಲ."

ಹೀಗಾಗಿ, ಓದುಗರೇ, ಆ ರವಿವಾರ ಮಧ್ಯಾಹ್ನ ಮಲಪ್ರಭಾ ವೈನ್ ವ್ಯಾಲಿಯಲ್ಲಿ ಐದು ಜನರಿದ್ದೆವು. ಐವರಲ್ಲಿ ಒಬ್ಬರೂ ಕುಡಿಯುವವರಿರಲಿಲ್ಲ. ಕುಡಿತದಿಂದ ದೇಶ ಹಾಳಾಗುತ್ತಿದೆ ಎಂದು ಈ ಅಂಕಣದಲ್ಲೇ ಎಷ್ಟೋ ಸಲ ಬರೆದಿದ್ದೇನೆ. ಬೇಕಾದಾಗ ಒಬ್ಬ ಕುಡುಕ ಸಿಗಬಾರದೇ?

ಹುಡುಗ ಒಂದು ಬಾಟಲಿಗೆ ವೈನ್ ತುಂಬಿಸಿಕೊಂಡ. ಎಲ್ಲರೂ ಸುಮೊ ಹತ್ತಿ ಪಕ್ಕದ ಸಣ್ಣ ಊರಿಗೆ ಹೋದೆವು. (ಹೆಸರು ಬೇಡ. ಅಲ್ಲಿ ಈ ಪತ್ರಿಕೆ ಬರುತ್ತದೆ.) ಊರ ನಡುವಿನ ಕಟ್ಟೆಯ ಮೇಲೆ ಏಳೆಂಟು ಗಂಡಸರು ಇಸ್ಪೀಟು ಆಡುತ್ತಿದ್ದರು. ಹಿಂದೆಯೇ ಸಾರಾಯಿ ಅಂಗಡಿ. ನೆಲದ ಮೇಲೆ ಖಾಲಿ ಪಾಕೀಟುಗಳು. ಇನ್ನೇನು, ಕೆಲಸವಾಯಿತು ಅಂದುಕೊಂಡೆವು.

"ಇಲ್ಲಿ ಯಾರರ ಕುಡಿಯವ್ರು ಅದೀರೇನ್ರಿ?" ಮಹಾಂತೇಶ ಕೇಳಿದ.

ಗಂಡಸರು ಅವನನ್ನು ನೋಡಲಿಲ್ಲ. ಸುಮೊದಿಂದ ಇಳಿಯುತ್ತಿದ್ದ ಅಕ್ಕನನ್ನು ನೋಡಿದರು. ಮೂರು ಪಟ್ಟೆ ವಿಭೂತಿ, ತಲೆಯ ಮೇಲೆ ಸಾಹೇಬರ ಹ್ಯಾಟು. ಹಿಂದೆ ಚೀಲ ಹಾಕಿಕೊಂಡ ನಾನು. ಇಸ್ಪೀಟು ಎಲೆಗಳು ಮಾಯವಾದವು.

"ನಮ್ಮೂರಾಗ ಯಾರೂ ಕುಡಿಯಂಗಿಲ್ರಿ," ಅಂದ ಒಬ್ಬ.

"ನೀವು?" ಕಣ್ಣು ಕೆಂಪಗಿದ್ದ ಒಬ್ಬನನ್ನು ನಮ್ಮವರು ಕೇಳಿದರು. ಅವನು ಕಂಬ ಹಿಡಿದುಕೊಂಡು ಎದ್ದು ನಿಂತ.

"ನಾ ಬಿಟ್ಟೇನ್ರಿ."

"ಯಾವಾಗ?"

"ಈಗ. ಅಕ್ಕಾರನ್ನ ನೋಡಿದ ಮ್ಯಾಲೆ."

ಒಂದು ಗುಟುಕು ಕುಡಿದು ರುಚಿ ಹೇಳಿದರೆ ಸಾಕು ಎಂದು ಮಹಾಂತೇಶ ಬಾಟಲಿ ಮುಂದೆ ಹಿಡಿದ. ಕೆಂಪು ಕಣ್ಣಿನವನು ಎರಡು ಹೆಜ್ಜೆ ಹಿಂದೆ ಹೋದ. ಇದು ತನ್ನನ್ನು ಹಿಡಿಯುವ ಉಪಾಯ ಎಂದು ಅವನಿಗೆ ಖಾತ್ರಿಯಾಗಿತ್ತು. ಬೇಡ ಅಂದರೆ ಬೇಡ ಎಂದು ಕೈಮುಗಿದ. ಬದುಕಿನಲ್ಲಿ ಮೊದಲ ಸಲ ಅವನಿಗೆ ಪುಕ್ಕಟೆ ಸಿಗುತ್ತಿತ್ತು, ಪಾಪ.

ಅಷ್ಟರಲ್ಲಿ ಸುದ್ದಿ ಒಳಗಿನ ಓಣಿಗಳಿಗೆ ಮುಟ್ಟಿತ್ತು. ಹೆಂಗಸರು ಬರತೊಡಗಿದರು. ಹಿಟ್ಟಿನ ಕೈಯವರು, ಕೊಡ ಹೊತ್ತವರು, ಸೊಂಟದ ಮೇಲೆ ಕೂಸಿದ್ದವರು. ಎಲ್ಲರ ಮುಂದೆ ಒಬ್ಬ ಹಲ್ಲಿಲ್ಲದ ಮುದುಕಿ. ಬಂದವಳೇ ಅಕ್ಕನ ಎರಡೂ ಕೈ ಹಿಡಿದಳು.

"ಬಂದ್ಯಾ ಯವ್ವಾ? ಎಷ್ಟ ದಿನ ಆತು ದಾರಿ ಕಾಯಾಕತ್ತು. ಈ ಅಂಗಡಿ ಮುಚ್ಚಿಸಾಕ ಸಂಘದ ಬಾಯಾರು ಬರ್ತಾರ ಅಂದಿದ್ರು. ನೀನ ಏನು?"

ಈಗ ನೀವೇ ಹೇಳಿ. ಸುಳ್ಳು ಹೇಳದ ನಮ್ಮ ಅಕ್ಕ, ಅಲ್ಲ ಅನ್ನಬೇಕಿತ್ತು ತಾನೇ? ಅಂದಳು.

"ನಾ ಅಲ್ಲ ಯವ್ವಾ," ಅಂದಳು. ಆಮೇಲೆ ಸುತ್ತ ನಿಂತ ಹೆಂಗಸರನ್ನು ನೋಡಿದಳು. ಒಬ್ಬಳ ಕಣ್ಣಿನ ಕೆಳಗೆ ನೀಲಿ ಕಟ್ಟಿತ್ತು. ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. "ಆದ್ರ ಬಂದೇನಲ್ಲ, ಎರಡ ಮಾತು ಹೇಳ್ತೀನಿ."

ಕಟ್ಟೆ ಹತ್ತಿದಳು. ನಮ್ಮ ಅಕ್ಕ ಜೀವನದಲ್ಲಿ ಭಾಷಣ ಮಾಡಿದವಳಲ್ಲ. ಮೈಕಿಲ್ಲ, ಹಾರವಿಲ್ಲ, ಹ್ಯಾಟು ತೆಗೆಯುವುದೂ ನೆನಪಿಲ್ಲ. ದುಡಿದು ತಂದದ್ದು ಪಾಕೀಟಿಗೆ ಹೋಗುವುದು, ರಾತ್ರಿ ಬಾಗಿಲ ಸದ್ದಾದರೆ ಮಕ್ಕಳು ಹಾಸಿಗೆಯಲ್ಲಿ ಉಸಿರು ಬಿಗಿಹಿಡಿ‌ಯುವುದು, ಹೊಡೆದವನೇ ಬೆಳಗ್ಗೆ ರೊಟ್ಟಿ ಕೇಳುವುದು, ಎಲ್ಲ ಹೇಳಿದಳು. ದನಿ ಏರಿಸಲಿಲ್ಲ. ಅಡುಗೆಮನೆಯಲ್ಲಿ ಕೂತು ಮಾತಾಡಿದಂತೆ ಹೇಳಿದಳು. ನಮ್ಮ ಮನೆತನದಲ್ಲಿ ಯಾರೂ ಕುಡಿಯಲಿಲ್ಲ. ಇದೆಲ್ಲ ಅವಳಿಗೆ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು. ಅವಳ ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ಬಂದು ಕೂರುವುದು ಅವಳ ಪಡಸಾಲೆಯಲ್ಲೇ.

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ಮಹಾಂತೇಶ. ಬಾಟಲಿಯನ್ನು ಕಂಕುಳಲ್ಲಿ ಇರುಕಿಕೊಂಡು.

"ಆ ಬಾಟ್ಲಿ ಏನೋ ತಮ್ಮಾ?" ಮುದುಕಿ ಕೇಳಿದಳು.

ಅವನು ಅಕ್ಕನ ಕಡೆ ನೋಡಿದ. ಅಕ್ಕ ಅವನ ಕಡೆ ನೋಡಿದಳು. ಇಡೀ ಊರು ಇಬ್ಬರನ್ನೂ ನೋಡಿತು.

"ಇದೂ ಅದ ಐತಿ ಯವ್ವಾ," ಅಂದ ಅವನು. "ದ್ರಾಕ್ಷಿದು. ನಾನ ಮಾಡೇನಿ."

ಕಲ್ಲು ಬೀಳುತ್ತವೆ ಅಂದುಕೊಂಡು ನಾನು ಸುಮೊ ಎಲ್ಲಿದೆ ನೋಡಿದೆ. ಪರಶುರಾಮ ಆಗಲೇ ಇಂಜಿನ್ ಚಾಲು ಮಾಡಿದ್ದ. ಆದರೆ ಮುದುಕಿ ಕೈ ಚಾಚಿ ಬಾಟಲಿ ಇಸಿದುಕೊಂಡಳು. ಬೂಚು ತೆಗೆದು ಮೂಸಿದಳು. ಮುಖ ಹಿಂಡಿದಳು.

"ಇದಕ್ಕಿಂತ ನನ್ನ ಗಂಡನ ಬಾಯಿ ವಾಸನಿ ಚೊಲೊ ಇತ್ತು ನೋಡೋ ಯಪ್ಪಾ," ಅಂದು ವಾಪಸು ಕೊಟ್ಟಳು.

ಹೆಂಗಸರೆಲ್ಲ ನಕ್ಕರು. ಕಂಬ ಹಿಡಿದುಕೊಂಡಿದ್ದವನೂ ನಕ್ಕ. ಇಡೀ ದಿನದಲ್ಲಿ ಮಹಾಂತೇಶನ ವೈನಿಗೆ ಸಿಕ್ಕ ಏಕೈಕ ಪ್ರಾಮಾಣಿಕ ಅಭಿಪ್ರಾಯ ಅದು. ಆದರೆ ಮುದುಕಿ ಎಲ್ಲ ವೈನಿಗೂ ಅದನ್ನೇ ಹೇಳುತ್ತಿದ್ದಳೋ, ಇದಕ್ಕೆ ಮಾತ್ರ ಹೇಳಿದಳೋ ತಿಳಿಯುವ ಬಗೆ ಹೇಗೆ? ಪ್ರಶ್ನೆ ಇದ್ದಲ್ಲೇ ಉಳಿಯಿತು. ಹುಡುಗನನ್ನು ತೋಟದ ಗೇಟಿನಲ್ಲಿ ಇಳಿಸಿ, ಹ್ಯಾಟು ವಾಪಸು ಕೊಟ್ಟು, ನಾವು ಬೆಳಗಾವಿಯ ಹಾದಿ ಹಿಡಿದೆವು. ಮದುವೆಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ನಮಗೆ ಆಡುವ ಮುಖ ಇರಲಿಲ್ಲ.

ದಾರಿಯುದ್ದಕ್ಕೂ ಚರ್ಚೆ.

"ಹುಡುಗ ಚೊಲೊ ಅದಾನ. ಧಂಧಾ ಕೆಟ್ಟೈತಿ," ಅಂದಳು ಅಕ್ಕ.

"ಕುಡಿಯವನ ಕೈಯಾಗ ಸಾರಾಯಿ ಕೊಡೂದು ಬ್ಯಾರೆ, ಇದು ಬ್ಯಾರೆ," ಅಂದರು ನಮ್ಮವರು.

"ಆ ಹೆಣ್ಮಗಳ ಕಣ್ಣು ನೀವು ನೋಡಲಿಲ್ಲೇನು?"

ನಮ್ಮವರು ಶರ್ಟಿನ ತೋಳಿನ ಕಲೆ ಉಜ್ಜತೊಡಗಿದರು. ಮಾಡುವ ಆದರೆ ಕುಡಿಯದ ಹುಡುಗ ಒಳ್ಳೆಯವನೋ, ಮಾಡದ ಆದರೆ ಕುಡಿಯುವ ಹುಡುಗ ಒಳ್ಳೆಯವನೋ? ನಮ್ಮ ಪೈಕಿ ಎಷ್ಟು ಜನ ಅಳಿಯಂದಿರು ಎರಡನೇ ಜಾತಿಯವರು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಶೈಲಾಗೆ ಅವತ್ತೇ ಸಂಜೆ ಎಲ್ಲ ಗೊತ್ತಾಯಿತು. ಅಕ್ಕನೇ ಹೇಳಿದಳು, ಬೇರೆ ಯಾರು? ಅವಳು ಕೂಗಾಡಲಿಲ್ಲ. "ನಾ ವಿಚಾರ ಮಾಡಬಹುದು ಅಂದಿದ್ದೆ. ನೀವು ಮೂರೂ ಮಂದಿ ಹೋಗಿ ನೋಡಿ ಬಂದ್ರಿ," ಅಂದಳು. ಬಾಗಿಲು ಹಾಕಿಕೊಂಡಳು. ಮುಂದಿನ ರವಿವಾರ ಬೆಳಗ್ಗೆ ಮಹಾಂತೇಶನಿಗೆ ತಾನೇ ಫೋನ್ ಮಾಡಿ, ತಾನು ಯಾರು, ಯಾಕೆ ಬರುತ್ತಿದ್ದೇನೆ ಎಂದು ಹೇಳಿ, ಪಾರಿಶ್ವಾಡದ ಬಸ್ಸು ಹತ್ತಿದಳು. ಒಬ್ಬಳೇ.

ಅಕ್ಕ ನಮ್ಮನ್ನು ಕರೆಸಿಕೊಂಡಳು. ದಿನವೆಲ್ಲ ಮೂವರೂ ಪಡಸಾಲೆಯಲ್ಲಿ ಕೂತು ಗೋಡೆ ನೋಡಿದೆವು. ಒಬ್ಬ ಹುಡುಗಿ ಒಬ್ಬ ಹುಡುಗನ ಎದುರು ಕೂತು ಬೇಕಾದ್ದನ್ನು ಕೇಳುವುದು. ಇಷ್ಟು ಸರಳ ಕೆಲಸಕ್ಕೆ ನಾವು ಸುಮೊ, ಸುಳ್ಳು ಹೋಟೆಲ್, ಇನ್ನೊಂದು ಊರಿನ ಕನ್ನಡ ಎಲ್ಲ ಬಳಸಿದೆವಲ್ಲ ಎಂದು ನಾನು ಯೋಚಿಸುತ್ತಿದ್ದೆ. ಕಿರಾಣಿ ಅಂಗಡಿಯವನು ಹೇಳಿದ್ದನ್ನು ನಂಬುತ್ತೇವೆ. ಹುಡುಗನೇ ಹೇಳಿದರೆ ನಂಬುವುದಿಲ್ಲ. ಯಾಕೆ ಹೀಗೆ?

ಸಂಜೆ ಶೈಲಾ ಬಂದಳು. ಕೈಯಲ್ಲಿ ಒಂದು ಬುಟ್ಟಿ ದ್ರಾಕ್ಷಿ, ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. (ಬಿಸಿಲಿಗೇ ಇರಬೇಕು.) ಯಾರೂ ಕೇಳುವ ಮೊದಲೇ, "ನಾ ಹೂಂ ಅಂದೇನಿ. ಅವರೂ ಹೂಂ ಅಂದಾರ," ಅಂದಳು.

ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. "ಏನೇನ ಮಾತಾಡಿದ್ರಿ?"

"ಎಲ್ಲಾ. ನನ್ನ ಕೆಲಸ, ಅವರ ಕೆಲಸ. ನೀ ಆ ಊರಾಗ ಹೇಳಿದ ಮಾತು ಅವರಿಗೆ ಇನ್ನೂ ತಲ್ಯಾಗ ಕೊರ್ಯಾಕತ್ತೈತಂತ. ಆ ಸಾರಾಯಿ ಅಂಗಡಿ ಬಗ್ಗೆ ಅರ್ಜಿ ಬರಕೊಡ್ತೀನಿ ಅಂತ ಅವರನ ಹೋಗಿ ಆ ಹೆಣ್ಮಕ್ಕಳಿಗೆ ಹೇಳಿ ಬಂದಾರ."

ಅಕ್ಕನ ಮುಖ ಸಡಿಲವಾಯಿತು. ನಮ್ಮವರು ಗೆದ್ದವರಂತೆ ನನ್ನನ್ನು ನೋಡಿದರು.

"ವೈನಿಂದು ಏನಾತವಾ?" ಅವರು ಕೇಳಿದರು.

"ಅದನ್ನೂ ಹೇಳಿ ಬಂದೇನಿ ಕಾಕಾ. ಹುಳಿ ಹತ್ತೇತಿ, ಕೆಟ್ಟೈತಿ, ಎಲ್ಲಾ ಚೆಲ್ಲಿಬಿಡ್ರಿ ಅಂದೆ. ಅಳ್ತಾರೋ ಏನೋ ಅಂದ್ಕೊಂಡಿದ್ದೆ. ನಕ್ಕರು. ಸದ್ಯ, ಒಬ್ಬರರ ಖರೇ ಹೇಳಿದ್ರಿ ಅಂದ್ರು. ನನ್ನ ಮುಂದನ ಒಂದು ಪೀಪಾಯಿ ಚೆಲ್ಲಿದ್ರು."

ಮನೆಯಲ್ಲಿ ಸಂತೋಷ ತುಂಬಿತು. ನಾನು ಸಕ್ಕರೆ ಹುಡುಕಲು ಎದ್ದೆ. ನಮ್ಮವರು ಯಾವ ಕಲ್ಯಾಣ ಮಂಟಪ, ಎಷ್ಟು ಮಂದಿ ಎಂದು ಶುರು ಮಾಡಿದ್ದರು. ಅಕ್ಕ ಮಾತ್ರ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಮಗಳ ಕಡೆ ತಿರುಗಿದಳು.

"ಅದೆಲ್ಲಾ ಖರೇ ಶೈಲಾ. ಕೆಟ್ಟೈತಿ ಅಂತ ನಿನಗ ಗೊತ್ತಾಗಬೇಕಾದ್ರ, ಚೊಲೊದು ನೀ ಎಲ್ಲಿ ಕುಡದಿದ್ದಿ?"